ಲಾಸ್ಟ್ ಮ್ಯಾನ್ ಆದರೆ ರೆಡ್ ಕಾರ್ಡ್ ಎಂದೇನಿಲ್ಲ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಯಾವ ಮೈದಾನವಾದರೂ ಸರಿ, ಗೋಲಿನತ್ತ ನುಗ್ಗುತ್ತಿದ್ದ ಫಾರ್ವರ್ಡ್ ಕೆಳಗೆ ಬಿದ್ದನೆಂದರೆ ಗೆರೆಯಾಚೆಯಿಂದ ಒಂದೇ ಕೂಗು: ‘ಲಾಸ್ಟ್ ಮ್ಯಾನ್ ಅದಾನ್ರೀ ಸರ್, ರೆಡ್ ಕೊಡ್ರಿ!’ ಫುಟ್‌ಬಾಲಿನ 12ನೇ ನಿಯಮದಲ್ಲಿ ‘ಲಾಸ್ಟ್ ಮ್ಯಾನ್’ ಎಂಬ ಮಾತೇ ಇಲ್ಲ. ಎದ್ದು ಕಾಣುವಂಥ ಗೋಲಿನ ಅವಕಾಶವನ್ನು ಫೌಲ್ ಮಾಡಿ ತಪ್ಪಿಸಿದರೆ ಆಟಗಾರನನ್ನು ಹೊರಗೆ ಕಳಿಸಬೇಕು ಎಂದಷ್ಟೇ ಅದು ಹೇಳುತ್ತದೆ. ಇದಕ್ಕೆ ರೆಫರಿಗಳು ‘ಡಾಗ್ಸೊ’ ಎನ್ನುತ್ತಾರೆ.

ಫೌಲ್ ಆದ ಕ್ಷಣದಲ್ಲಿ ರೆಫರಿ ನಾಲ್ಕು ವಿಷಯ ತೂಗಿ ನೋಡಬೇಕು. ಗೋಲು ಎಷ್ಟು ದೂರದಲ್ಲಿತ್ತು? ಆಟ ಒಟ್ಟಾರೆ ಗೋಲಿನ ಕಡೆಗೇ ಸಾಗುತ್ತಿತ್ತೇ? ಚೆಂಡು ಆ ಆಟಗಾರನ ಹಿಡಿತದಲ್ಲಿತ್ತೇ, ಇಲ್ಲವಾದರೆ ಸಿಗುವಂತಿತ್ತೇ? ಉಳಿದ ಡಿಫೆಂಡರ್‌ಗಳು ಎಷ್ಟು ಜನ, ಎಲ್ಲೆಲ್ಲಿದ್ದರು? ನಾಲ್ಕೂ ಗೋಲಿನ ಕಡೆಗೆ ಬೆರಳು ಮಾಡಿದರೆ ಕೆಂಪು. ಒಂದರಲ್ಲಿ ಗಟ್ಟಿ ಅನುಮಾನವಿದ್ದರೂ ಅದು ‘ಎದ್ದು ಕಾಣುವ’ ಅವಕಾಶವಾಗುವುದಿಲ್ಲ. ಆಗ ಅದು ಭರವಸೆಯ ದಾಳಿಯೊಂದನ್ನು ತಡೆದ ಫೌಲ್, ಹಳದಿ ಸಾಕು.

ಕೂಗುವವರು ಎಡವುವುದು ನಾಲ್ಕನೆಯದರಲ್ಲಿ. ಫೌಲ್ ಮಾಡಿದವನ ಹಿಂದೆ ಯಾರೂ ಇಲ್ಲದಿರಬಹುದು. ಆದರೆ ಪಕ್ಕದಲ್ಲಿ ಮೂರು ಮೀಟರ್ ಆಚೆ ಸರಿಸಮನಾಗಿ ಓಡುತ್ತಿರುವ ಇನ್ನೊಬ್ಬ ಡಿಫೆಂಡರ್ ಫಾರ್ವರ್ಡ್ ಕಾಲೆತ್ತುವಷ್ಟರಲ್ಲಿ ಅಡ್ಡ ಬರಬಲ್ಲವನಾದರೆ ಅವಕಾಶ ಸ್ಪಷ್ಟವಿರಲಿಲ್ಲ ಎಂದೇ ಅರ್ಥ. ಇದರ ತಿರುಗುಮುರುಗೂ ನಿಜ. ಗೋಲಿನ ಹತ್ತಿರ ಇಬ್ಬರು ನಿಂತಿದ್ದರೂ ಇಬ್ಬರೂ ಸಮಯಕ್ಕೆ ಮುಟ್ಟಲಾರರು ಎಂದಾದರೆ ಫೌಲ್ ಮಾಡಿದವನು ‘ಲಾಸ್ಟ್ ಮ್ಯಾನ್’ ಅಲ್ಲದಿದ್ದರೂ ಕೆಂಪು ಬರುತ್ತದೆ. ತಲೆ ಎಣಿಸಿದರೆ ಉತ್ತರ ಸಿಗುವುದಿಲ್ಲ, ಯಾರು ಮುಟ್ಟಬಲ್ಲರು ಎಂದು ಕೇಳಿಕೊಳ್ಳಬೇಕು.

ನಮ್ಮ ಭಾಗದಲ್ಲಿ ನಿಜಕ್ಕೂ ಕಷ್ಟದ್ದು ಮೂರನೆಯದು, ಚೆಂಡಿನ ಹಿಡಿತ. ಟಿವಿಯಲ್ಲಿ ಕಾಣುವ ಹಸಿರು ಹುಲ್ಲಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಏಪ್ರಿಲ್, ಮೇ ಬಿಸಿಲಿಗೆ ಗರಸಿನ ಮೈದಾನ ಕಲ್ಲಿನಂತೆ ಗಟ್ಟಿಯಾಗುತ್ತದೆ, ಚೆಂಡು ಎತ್ತರಕ್ಕೆ ಪುಟಿಯುತ್ತದೆ, ಮುಂದಕ್ಕೆ ತಳ್ಳಿದರೆ ನಿಲ್ಲದೆ ಓಡುತ್ತದೆ. ಒಂದು ದೃಶ್ಯ ಕಣ್ಮುಂದೆ ತಂದುಕೊಳ್ಳಿ. ಗೋಲಿನಿಂದ 22 ಮೀಟರ್ ದೂರ. ಫಾರ್ವರ್ಡ್ ಚೆಂಡನ್ನು ಐದಾರು ಮೀಟರ್ ಮುಂದೆ ತಳ್ಳಿದ್ದಾನೆ. ಗೋಲ್‌ಕೀಪರ್ ಬಾಕ್ಸ್, ಅಂದರೆ ಗೋಲಿನ ಮುಂದಿನ ಪೆನಾಲ್ಟಿ ಪ್ರದೇಶದ ಅಂಚಿನತ್ತ ಓಡಿ ಬರುತ್ತಿದ್ದಾನೆ. ಹಿಂದಿನಿಂದ ಬಂದ ಡಿಫೆಂಡರ್ ಫಾರ್ವರ್ಡ್‌ನ ಹಿಮ್ಮಡಿಗೆ ಕಾಲು ತಾಗಿಸಿದ. ಹುಲ್ಲಿನ ಮೇಲಾದರೆ ಚೆಂಡು ನಿಧಾನವಾಗಿ ಫಾರ್ವರ್ಡ್‌ಗೇ ಸಿಗುತ್ತಿತ್ತು, ಕೆಂಪು. ಗಟ್ಟಿ ಗರಸಿನ ಮೇಲೆ ಅದೇ ಚೆಂಡು ಕೀಪರ್ ಕೈ ಸೇರುತ್ತಿತ್ತು, ಹಳದಿ. ಅದೇ ಫೌಲ್, ಅದೇ ದೂರ, ನೆಲ ಮಾತ್ರ ಬೇರೆ. ರಾಯಚೂರು ಕಡೆಯ ಎರೆಮಣ್ಣು ಒಂದು ಮಳೆ ಕಂಡರೆ ಲೆಕ್ಕ ಮತ್ತೆ ಉಲ್ಟಾ: ಚೆಂಡು ಅಂಟಿಕೊಂಡಂತೆ ನಿಲ್ಲುತ್ತದೆ, ದೂರ ಹೋಯಿತು ಅನಿಸಿದ್ದೂ ಫಾರ್ವರ್ಡ್‌ಗೆ ಸಿಗುತ್ತದೆ.

ಆದ್ದರಿಂದ ಫೌಲ್ ಕಂಡ ಕೂಡಲೇ ಬಿದ್ದವನನ್ನೇ ನೋಡುತ್ತ ನಿಲ್ಲಬಾರದು. ಒಂದು ಕ್ಷಣ ಚೆಂಡನ್ನು ಹಿಂಬಾಲಿಸಿ, ಅದು ಎಲ್ಲಿಗೆ ಉರುಳಿತು ಎಂಬುದೇ ಒಳ್ಳೆಯ ಸಾಕ್ಷಿ. ಆದರೆ ಸೀಟಿ ಊದಿದ ಮೇಲೆ ಕೀಪರ್ ಓಟ ನಿಲ್ಲಿಸುತ್ತಾನೆ. ಅವನು ತಲುಪಲಿಲ್ಲ ಎಂಬುದನ್ನು ಸಾಕ್ಷಿಯಾಗಿ ಹಿಡಿಯಬೇಡಿ.

ದಿಕ್ಕಿನ ಬಗ್ಗೆ ಒಂದೇ ಮಾತು. ಕೀಪರ್‌ನನ್ನು ದಾಟಲು ಫಾರ್ವರ್ಡ್ ಸ್ವಲ್ಪ ಓರೆಯಾಗಿ ಹೋದ ಮಾತ್ರಕ್ಕೆ ಅವಕಾಶ ಕಳೆದುಹೋಗುವುದಿಲ್ಲ. ಆದರೆ ಚೆಂಡು ಕಾರ್ನರ್ ಬಾವುಟದತ್ತ ಓಡುತ್ತಿದ್ದರೆ ಕೆಂಪು ಬೇಡ.

ಇನ್ನು ಬಾಕ್ಸ್ ಒಳಗಿನ ಫೌಲ್. 2016ರ ಮೊದಲು ಇಲ್ಲಿ ಪೆನಾಲ್ಟಿ, ಕೆಂಪು ಕಾರ್ಡ್, ಮುಂದಿನ ಪಂದ್ಯಕ್ಕೆ ನಿಷೇಧ ಹೀಗೆ ಒಂದೇ ತಪ್ಪಿಗೆ ಮೂರು ಶಿಕ್ಷೆ ಬೀಳುತ್ತಿತ್ತು. ಆ ವರ್ಷ ನಿಯಮ ತಿದ್ದಿದರು. ಡಿಫೆಂಡರ್ ಚೆಂಡಿಗಾಗಿಯೇ ಕಾಲು ಹಾಕಿ ಫೌಲ್ ಮಾಡಿದ್ದರೆ ಪೆನಾಲ್ಟಿಯ ಜೊತೆ ಹಳದಿ. ಅಂಗಿ ಹಿಡಿದೆಳೆದರೆ, ನೂಕಿದರೆ, ಅಥವಾ ಚೆಂಡು ಸಿಗುವ ಸಾಧ್ಯತೆಯೇ ಇಲ್ಲದೆ ಬೀಳಿಸಿದರೆ ಪೆನಾಲ್ಟಿಯೂ ಕೆಂಪೂ. ಹಿಡಿದೆಳೆಯುವುದು ಬಾಕ್ಸ್ ಹೊರಗೆ ಶುರುವಾಗಿ ಒಳಗೂ ಮುಂದುವರಿದರೆ ಕೊಡಬೇಕಾದ್ದು ಪೆನಾಲ್ಟಿಯೇ.

ಇಲ್ಲೊಂದು ವಿಚಿತ್ರವಿದೆ, ಇದನ್ನು ಕೋಚ್‌ಗಳೂ ಹುಡುಗರಿಗೆ ಬಿಡಿಸಿ ಹೇಳಬೇಕು. ಚೆಂಡಿಗಾಗಿ ಮಾಡಿದ ಪ್ರಾಮಾಣಿಕ ಟ್ಯಾಕಲ್ ತಪ್ಪಿ ಗೆರೆಯ ಹೊರಗೆ ಫೌಲ್ ಆದರೆ ಫ್ರೀ ಕಿಕ್ ಮತ್ತು ಕೆಂಪು. ಒಂದು ಹೆಜ್ಜೆ ಒಳಗಾದರೆ ಪೆನಾಲ್ಟಿ ಮತ್ತು ಹಳದಿ. ಇಷ್ಟೆಲ್ಲ ನಿಂತಿರುವುದು ಸುಣ್ಣದ ಒಂದು ಗೆರೆಯ ಮೇಲೆ, ಆ ಗೆರೆ ನಮ್ಮ ಮೈದಾನಗಳಲ್ಲಿ ಎರಡನೇ ಅರ್ಧಕ್ಕೆ ಧೂಳಾಗಿ ಹೋಗಿರುತ್ತದೆ. ಪಂದ್ಯಕ್ಕೆ ಮೊದಲು ಟೇಪು ಹಿಡಿದು ಅಳೆಯಿರಿ: ಗೋಲು ಕಂಬದ ಒಳಬದಿಯಿಂದ ಪಕ್ಕಕ್ಕೆ 16.5 ಮೀಟರ್, ಅಲ್ಲಿಂದ ಮೈದಾನದೊಳಕ್ಕೆ 16.5 ಮೀಟರ್. ಹೆಜ್ಜೆ ಎಣಿಸಿ ಗೆರೆ ಹಾಕುವ ಅಭ್ಯಾಸ ಬಿಡಬೇಕು. ವಿರಾಮದಲ್ಲಿ ಮುಂಭಾಗದ ಗೆರೆಗೆ ಮತ್ತೊಮ್ಮೆ ಸುಣ್ಣ ಬೀಳಲಿ. ಅದೇ ನೇರದಲ್ಲಿ ಟಚ್‌ಲೈನಿನ ಹೊರಗೆ, ಒಂದು ಮೀಟರ್ ಆಚೆ, ಒಂದು ಗುರುತು ಇಟ್ಟರೆ ಲೈನ್ಸ್‌ಮನ್‌ಗೆ ಕಣ್ಣಳತೆ ಸಿಗುತ್ತದೆ.

ಸೀಟಿಗೆ ಅವಸರ ಬೇಡ. 2006ರ ಚಾಂಪಿಯನ್ಸ್ ಲೀಗ್ ಫೈನಲ್‌ನ 18ನೇ ನಿಮಿಷದಲ್ಲಿ ಆರ್ಸೆನಲ್ ಕೀಪರ್ ಲೇಮನ್ ಬಾಕ್ಸ್ ಹೊರಗೆ ಬಾರ್ಸಿಲೋನಾದ ಎಟೊನನ್ನು ಬೀಳಿಸಿದ. ಚೆಂಡು ಜೂಲಿಗೆ ಸಿಕ್ಕು ಖಾಲಿ ಗೋಲಿನೊಳಗೂ ಹೋಯಿತು. ಆದರೆ ಸೀಟಿ ಆಗಲೇ ಆಗಿತ್ತು. ಗೋಲು ಲೆಕ್ಕಕ್ಕೆ ಬರಲಿಲ್ಲ, ಲೇಮನ್‌ಗೆ ಕೆಂಪು, ಬಾರ್ಸಿಲೋನಾಗೆ ಫ್ರೀ ಕಿಕ್. ಒಂದೆರಡು ಸೆಕೆಂಡ್ ತಡೆದು ಅಡ್ವಾಂಟೇಜ್ ಕೊಟ್ಟಿದ್ದರೆ, ಅಂದರೆ ಫೌಲ್ ಆದರೂ ಆಟ ಮುಂದುವರಿಯಲು ಬಿಟ್ಟಿದ್ದರೆ, ಗೋಲು ನಿಲ್ಲುತ್ತಿತ್ತು, ಅವಕಾಶ ತಪ್ಪಿಸಿದ್ದಕ್ಕೆಂದು ಕೆಂಪು ತೋರಿಸುವ ಪ್ರಶ್ನೆಯೂ ಬರುತ್ತಿರಲಿಲ್ಲ. ಫೌಲೇ ಅಪಾಯಕಾರಿಯಾಗಿದ್ದರೆ ಅದು ಬೇರೆ ಅಪರಾಧ, ಅದರ ಕೆಂಪು ಹಾಗೇ ಉಳಿಯುತ್ತದೆ.

ಕೈಯಿಂದ ಗೋಲು ತಡೆದರೆ ನಾಲ್ಕು ಪ್ರಶ್ನೆಗಳ ತಕ್ಕಡಿ ಬೇಕಿಲ್ಲ. 2010ರ ವಿಶ್ವಕಪ್‌ನಲ್ಲಿ ಘಾನಾ ವಿರುದ್ಧ ಉರುಗ್ವೆಯ ಸುವಾರೆಜ್ ಗೋಲು ಗೆರೆಯ ಮೇಲೆ ನಿಂತು ಮಾಡಿದಂಥ ಉದ್ದೇಶಪೂರ್ವಕ ಹ್ಯಾಂಡ್‌ಬಾಲ್‌ಗೆ ಇಂದೂ ಕೆಂಪೇ. ಬೇಕೆಂದೇ ಮಾಡದ ಹ್ಯಾಂಡ್‌ಬಾಲ್‌ಗೆ ಪೆನಾಲ್ಟಿ ಕೊಟ್ಟಾಗ ಮಾತ್ರ 2024ರಿಂದ ಹಳದಿಗೆ ಇಳಿಸಿದ್ದಾರೆ.

ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವಿಎಆರ್ ನಮ್ಮಲ್ಲಿ ಇಲ್ಲ. ಸೀಟಿ ಊದಿ, ಜೇಬಿಗೆ ಕೈ ಹಾಕುವ ಮೊದಲು ಲೈನ್ಸ್‌ಮನ್ ಬಾವುಟದ ಕಡೆ ನೋಡಿ. ಫಾರ್ವರ್ಡ್ ಮೊದಲೇ ಆಫ್‌ಸೈಡ್ ಆಗಿದ್ದರೆ ಅಲ್ಲಿ ಅವಕಾಶವೇ ಇರಲಿಲ್ಲ. ಸುತ್ತುವರಿಯುವ ಆಟಗಾರರಿಂದ ನಾಲ್ಕು ಹೆಜ್ಜೆ ಹೊರಗೆ ಬಂದು ನಾಲ್ಕೂ ಪ್ರಶ್ನೆ ಮನಸ್ಸಿನಲ್ಲೇ ಕೇಳಿಕೊಳ್ಳಿ, ಆಮೇಲೆ ಕಾರ್ಡ್ ತೋರಿಸಿ. ಕಾರ್ಡ್‌ನ ಹಿಂದೆ ನಿಮಿಷ, ಅಂಗಿಯ ನಂಬರ್, ಗೋಲಿನಿಂದ ಅಂದಾಜು ದೂರ, ಹತ್ತಿರದ ಡಿಫೆಂಡರ್ ಎಷ್ಟು ಮೀಟರ್ ಆಚೆಗಿದ್ದ ಎಂಬುದನ್ನು ಆಗಲೇ ಬರೆದಿಡಿ. ‘ಲಾಸ್ಟ್ ಮ್ಯಾನ್ ಆಗಿದ್ದ’ ಎಂದಷ್ಟೇ ಬರೆದ ವರದಿ ಶಿಸ್ತು ಸಮಿತಿಯ ಮುಂದೆ ನಿಲ್ಲುವುದಿಲ್ಲ.