ಹೆಣ್ತನ, ಗಂಡುತನ: ಹುಟ್ಟಿನಿಂದಲೋ, ಬೆಳೆಸಿದ್ದರಿಂದಲೋ?

ತಾನು ಹುಡುಗ ಅಥವಾ ಹುಡುಗಿ ಎಂಬ ಭಾವನೆ ಮಗುವಿಗೆ ಎಲ್ಲಿಂದ ಬರುತ್ತದೆ? ಹಾರ್ಮೋನಿನಿಂದಲೋ, ಮನೆಯವರು ಬೆಳೆಸಿದ ರೀತಿಯಿಂದಲೋ? ಈ ಜಗಳದಲ್ಲಿ ಈಗ ಎಲ್ಲರ ಕೈಯಲ್ಲೂ ತಮಗೆ ಬೇಕಾದ ಒಂದೊಂದು ಅಧ್ಯಯನ ಇದೆ.

ದೇಹದ ಲೆಕ್ಕ ಬೇಗ ಮುಗಿಯುತ್ತದೆ. 1947ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಜೋಸ್ಟ್, ಭ್ರೂಣದಲ್ಲೇ ವೃಷಣ ತೆಗೆದರೆ ಗಂಡು ಮೊಲದ ದೇಹವೂ ಹೆಣ್ಣಿನಂತೆ ರೂಪುಗೊಳ್ಳುತ್ತದೆ ಎಂದು ತೋರಿಸಿದರು. 1959ರ ಗಿನಿಪಿಗ್ ಪ್ರಯೋಗ ವರ್ತನೆಗೂ ಹುಟ್ಟುವ ಮುಂಚಿನ ಹಾರ್ಮೋನಿಗೂ ನಂಟು ಹಾಕಿತು. 1990ರಲ್ಲಿ, ಸಾಮಾನ್ಯವಾಗಿ ಗಂಡಸರಲ್ಲಷ್ಟೇ ಇರುವ ವೈ ಕ್ರೋಮೋಸೋಮಿನಲ್ಲಿ, ಭ್ರೂಣದ ವೃಷಣ ಬೆಳೆಯಲು ಚಾಲನೆ ಕೊಡುವ ಎಸ್‌ಆರ್‌ವೈ ಜೀನ್ ಸಿಕ್ಕಿತು.

ಗೋಜಲಾಗಿದ್ದು ಮನಸ್ಸಿನ ವಿಷಯ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಮನಿ 1955ರಿಂದ ಒಂದು ವಾದ ಮುಂದಿಟ್ಟಿದ್ದರು: ಹುಟ್ಟಿದಾಗ ಗಂಡೋ ಹೆಣ್ಣೋ ಎಂದು ಹೇಳಲಾಗದ ಮಕ್ಕಳು ಬಹುತೇಕ ಬೆಳೆಸಿದ ಹಾಗೇ ಬೆಳೆಯುತ್ತಾರೆ, ಆದ್ದರಿಂದ ಬೇಗ ತೀರ್ಮಾನಿಸಿ ಅದಕ್ಕೆ ತಕ್ಕ ಆಪರೇಷನ್ ಮಾಡಿಸಬೇಕು.

ಆಗ ಕೆನಡಾದ ವಿನಿಪೆಗ್‌ನಿಂದ ಒಂದು ಪತ್ರ ಬಂತು. ಆ ಮನೆಯಲ್ಲಿ 1965ರಲ್ಲಿ ಅವಳಿ ಗಂಡು ಮಕ್ಕಳು ಹುಟ್ಟಿದ್ದವು. ಎಂಟು ತಿಂಗಳಿದ್ದಾಗ ಮುಂದೊಗಲು ತೆಗೆಯಲು ಹೋಗಿ ಒಬ್ಬನ ಶಿಶ್ನವೇ ಸುಟ್ಟುಹೋಯಿತು. ಹೆತ್ತವರು ಇನ್ನೂ ಎಳೆಯರು. ಟೀವಿಯಲ್ಲಿ ಮನಿ ಅವರ ಮಾತು ಕೇಳಿ ಅವರಿಗೇ ಬರೆದಿದ್ದರು. 1967ರಲ್ಲಿ, 22 ತಿಂಗಳ ವಯಸ್ಸಿಗೆ ವೃಷಣ ತೆಗೆದು ಬ್ರೂಸ್‌ನನ್ನು ಬ್ರೆಂಡಾ ಮಾಡಿದರು. ಒಂದೇ ಗರ್ಭ, ಒಂದೇ ಮನೆ, ಹೋಲಿಸಲು ಪಕ್ಕದಲ್ಲೇ ಅಣ್ಣತಮ್ಮ. ಇಂಥ ಪುರಾವೆ ಯಾರಿಗೆ ಬೇಡ? 1972ರ ಹೊತ್ತಿಗೆ ಪ್ರಯೋಗ ಗೆದ್ದಿದೆ ಎಂದು ಮನಿ ಅವರ ಪುಸ್ತಕಕ್ಕೇ ಬಂತು.

ಮನೆಯೊಳಗೆ ನಡೆಯುತ್ತಿದ್ದದ್ದು ಬೇರೆ. ಮೊದಲ ಸಲ ಫ್ರಾಕ್ ತೊಡಿಸಿದಾಗ ಮಗು ಅದನ್ನು ಕಿತ್ತೆಸೆಯಲು ನೋಡಿತ್ತು. ನಿಂತೇ ಮೂತ್ರ ಮಾಡುತ್ತಿತ್ತು. ಉಡುಗೊರೆಯಾಗಿ ಸಿಕ್ಕ ಸ್ಕಿಪ್ಪಿಂಗ್ ಹಗ್ಗ ಬೇರೆಯವರನ್ನು ಕಟ್ಟಿಹಾಕಲು ಬಳಕೆಯಾಗುತ್ತಿತ್ತು. ಶಾಲೆಯಲ್ಲಿ ಗೇಲಿ. 1980ರಲ್ಲಿ, 14ನೇ ವಯಸ್ಸಿಗೆ, ಅಪ್ಪ ನಿಜ ಹೇಳಿದ ಮೇಲೆ ಬ್ರೆಂಡಾ ಡೇವಿಡ್ ಆಗಿ ಗಂಡಸಿನಂತೆ ಬದುಕಲು ಶುರುಮಾಡಿದ. ಊರಿನ ಕೆಲವು ವೈದ್ಯರಿಗೆ ಇದು ಗೊತ್ತಿತ್ತು. ಆದರೂ ಸಂಶೋಧಕ ಮಿಲ್ಟನ್ ಡೈಮಂಡ್ ಮತ್ತು ಮನೋವೈದ್ಯ ಕೀತ್ ಸಿಗ್ಮಂಡ್ಸನ್ ಅವರ ಲೇಖನದಲ್ಲಿ ಅದು ಅಚ್ಚಾಗಿದ್ದು 1997ರಲ್ಲಿ. ಅಷ್ಟೂ ವರ್ಷ ಇನ್ನೆಷ್ಟು ಕೂಸುಗಳಿಗೆ ಹಳೇ ಪಾಠದಂತೆಯೇ ಆಪರೇಷನ್ ಆಗಿರಬೇಡ! 2004ರಲ್ಲಿ, 38ನೇ ವಯಸ್ಸಿನಲ್ಲಿ, ಡೇವಿಡ್ ತನ್ನ ಜೀವ ತೆಗೆದುಕೊಂಡ.

ಸರಿ, ಹಾಗಾದರೆ ಎಲ್ಲವೂ ಹುಟ್ಟಿನದ್ದೇ ಅಲ್ವಾ? ಅಷ್ಟು ಸುಲಭವಿಲ್ಲ. 1998ರಲ್ಲಿ ಕೆನಡಾದಿಂದಲೇ ಇನ್ನೊಂದು ವರದಿ ಬಂತು. ಎರಡು ತಿಂಗಳಿಗೇ ಇಂಥದ್ದೇ ಅನಾಹುತಕ್ಕೆ ಸಿಕ್ಕಿ ಹೆಣ್ಣಾಗಿ ಬೆಳೆದ ವ್ಯಕ್ತಿ, 26ರ ಪ್ರಾಯದಲ್ಲೂ ತನ್ನನ್ನು ಹೆಣ್ಣೆಂದೇ ಹೇಳಿಕೊಂಡಿದ್ದರು. 2004ರ ಅಮೆರಿಕದ ಅಧ್ಯಯನದಲ್ಲಿ, ವೈ ಕ್ರೋಮೋಸೋಮ್ ಇದ್ದೂ ಹೆಣ್ಣೆಂದು ಬೆಳೆಸಿದ 14 ಮಕ್ಕಳಲ್ಲಿ 8 ಮಂದಿ ಮುಂದೆ ತಾವು ಗಂಡು ಎಂದರು. ಉಳಿದವರು ಹಾಗೆನ್ನಲಿಲ್ಲ. ಹಾರ್ಮೋನು ಒಂದು ಕಡೆಗೆ ಒಲವು ಕೊಡುತ್ತದೆ, ಆದರೆ ಯಾವ ಮಗು ಎಲ್ಲಿ ನಿಲ್ಲುತ್ತದೆ ಎಂದು ತೊಟ್ಟಿಲಲ್ಲಿ ನೋಡಿ ಹೇಳಲು ಆಗುವುದಿಲ್ಲ.

ಹಾಗಿದ್ದಮೇಲೆ ಅವಸರ ಯಾಕೆ? ನಮ್ಮ ಕಡೆ ಈ ಪ್ರಶ್ನೆ ಕೋರ್ಟಿಗೂ ಹೋಯಿತು. 2019ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ ತಮಿಳುನಾಡು ಸರ್ಕಾರ, ದೇಹ ನೋಡಿ ಗಂಡೋ ಹೆಣ್ಣೋ ಹೇಳಲಾಗದ ಕೂಸುಗಳಿಗೆ ಇಂಥ ಆಪರೇಷನ್ ಮಾಡುವುದನ್ನು ನಿಷೇಧಿಸಿತು. ಜೀವಕ್ಕೆ ಅಪಾಯವಿದ್ದರೆ ಮಾತ್ರ ವಿನಾಯಿತಿ.