1890ರಲ್ಲಿ ಗಾಂಧೀಜಿ ಎಲ್ಲಿದ್ದರು?

ಬ್ಯಾಂಕ್ ಕೌಂಟರಿನ ಹಿಂದೆ, ಬಟ್ಟೆ ಅಂಗಡಿಯ ಗಲ್ಲಾದ ಮೇಲೆ ಈ ಬೋರ್ಡನ್ನು ನೀವೂ ನೋಡಿರುತ್ತೀರಿ: ‘ಗ್ರಾಹಕರು ನಮ್ಮಲ್ಲಿಗೆ ಬರುವ ಅತಿ ಮುಖ್ಯ ಅತಿಥಿ. ಅವರು ನಮ್ಮನ್ನು ನಂಬಿಕೊಂಡಿಲ್ಲ, ನಾವು ಅವರನ್ನು ನಂಬಿಕೊಂಡಿದ್ದೇವೆ.’ ಕೆಳಗೆ ಗಾಂಧೀಜಿ ಹೆಸರು.

ಪುಸ್ತಕಗಳ ಹಸ್ತಪ್ರತಿ ತಿದ್ದುವುದು ನನ್ನ ಕೆಲಸ. ವ್ಯಾಪಾರದ ಬಗ್ಗೆ ಪುಸ್ತಕ ಬಂತು ಅಂದರೆ ಈ ಮಾತು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಎಲ್ಲಿ, ಯಾವಾಗ ಹೇಳಿದ್ದು ಅಂತ ಕೇಳಿದರೆ ಉತ್ತರವೂ ರೆಡಿ: ದಕ್ಷಿಣ ಆಫ್ರಿಕಾದ ಭಾಷಣ, 1890. ಸಿಕ್ಕಿಬೀಳುವುದು ಇಲ್ಲೇ. 1890ರಲ್ಲಿ ಅವರು ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದರು. ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದು 1893ರಲ್ಲಿ. ಓದುವವರು ನಂಬಲಿ ಅಂತ ಯಾರೋ ಸೇರಿಸಿದ ಇಸವಿಯೇ ಗುಟ್ಟು ರಟ್ಟು ಮಾಡಿತು. ಇಸವಿಯೇ ಇಲ್ಲದ ಮಾತುಗಳು ಇದಕ್ಕಿಂತ ಜಾಸ್ತಿ ತಲೆನೋವು.

ಹಾಗಾದರೆ ಮಾತು ಯಾರದು? ಇಂಥದ್ದನ್ನು ಹುಡುಕುವಾಗ ಇಡೀ ವಾಕ್ಯ ಹಾಕಬಾರದು. ಇದೇ ಮಾತಿನಲ್ಲಿ ಮುಂದೆ ಬರುವ ‘ನಮ್ಮ ಕೆಲಸಕ್ಕೆ ಅಡ್ಡಿ’ ಎಂಬಂಥ ಒಂದು ತುಣುಕಿನ ಇಂಗ್ಲಿಷ್ ರೂಪ ಹಿಡಿದು, ಸ್ಕ್ಯಾನ್ ಆದ ಹಳೆಯ ಪತ್ರಿಕೆಗಳಲ್ಲಿ ಇಸವಿಯಿಂದ ಇಸವಿಗೆ ಹಿಂದೆ ಹೋಗಬೇಕು. ಹುಷಾರು, ಗೂಗಲ್ ಬುಕ್ಸ್ ಎಷ್ಟೋ ಸಲ ಪತ್ರಿಕೆಯ ಮೊದಲ ಸಂಚಿಕೆಯ ಇಸವಿಯನ್ನೇ ಎಲ್ಲ ಸಂಚಿಕೆಗೂ ಅಂಟಿಸಿರುತ್ತದೆ. ಪುಟದ ಮೇಲೆ ಅಚ್ಚಾದ ತಾರೀಕು ಕಣ್ಣಾರೆ ನೋಡುವ ತನಕ ನಂಬಬೇಡಿ.

ಈ ಮಾತಿನ ಜಾಡು ‘ಪ್ರಿಂಟರ್ಸ್ ಇಂಕ್’ ಎಂಬ ಅಮೆರಿಕದ ಜಾಹೀರಾತು ಪತ್ರಿಕೆಗೆ ಹೋಗುತ್ತದೆ, 1941ಕ್ಕೆ. ಹೇಳಿದವರು ಸ್ಟುಡೆಬೇಕರ್ ಕಾರು ಕಂಪನಿಯ ಮಾರಾಟ ವಿಭಾಗದ ಉಪಾಧ್ಯಕ್ಷ ಕೆನೆತ್ ಎಲಿಯಟ್. ಗ್ರಾಹಕ ಏನಲ್ಲ ಅಂತ ಅವರು ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಅವನು ನಮ್ಮ ಕೆಲಸಕ್ಕೆ ಅಡ್ಡಿಯಲ್ಲ, ಕೆಲಸ ಇರುವುದೇ ಅವನಿಗಾಗಿ. ಅವನು ಹೊರಗಿನವನಲ್ಲ. ಬರೀ ಅಂಕಿಸಂಖ್ಯೆಯೂ ಅಲ್ಲ, ರಕ್ತಮಾಂಸದ ಮನುಷ್ಯ. ಅವನಿಗೂ ಪೂರ್ವಗ್ರಹ ಇದೆ, ಭಾವನೆ ಇದೆ, ಬಹುಶಃ ಒಂದೆರಡು ವಿಟಮಿನ್ ಕೊರತೆಯೂ ಇದೆ! ನಮ್ಮ ಬೋರ್ಡಿಗೆ ಬರುವಷ್ಟರಲ್ಲಿ ವಿಟಮಿನ್ ಉದುರಿಹೋಗಿದೆ. ನನಗೆ ಇಷ್ಟವಾಗಿದ್ದೇ ಆ ಸಾಲು.

ಎಲ್ಲವೂ ಇಷ್ಟು ಸಲೀಸಲ್ಲ. ಗಾಂಧೀಜಿ ಹೆಸರಿನಲ್ಲೇ ಓಡಾಡುವ ‘ನೀವು ಬಯಸುವ ಬದಲಾವಣೆ ನೀವೇ ಆಗಿ’ ಎಂಬುದನ್ನು ಹೆಚ್ಚುಕಡಿಮೆ ಇದೇ ರೂಪದಲ್ಲಿ 1974ರಲ್ಲಿ ಬರೆದವರು ಅಮೆರಿಕದ ಶಿಕ್ಷಕಿ ಆರ್ಲೀನ್ ಲೊರಾನ್ಸ್. ಆದರೆ ನಾವು ಬದಲಾದರೆ ಜಗತ್ತಿನ ಧೋರಣೆಯೂ ಬದಲಾಗುತ್ತದೆ ಎಂಬ ಅರ್ಥದ ಮಾತನ್ನು ಗಾಂಧೀಜಿ 1913ರಲ್ಲಿ ತಮ್ಮ ‘ಇಂಡಿಯನ್ ಒಪೀನಿಯನ್’ ಪತ್ರಿಕೆಯಲ್ಲಿ ನಿಜಕ್ಕೂ ಬರೆದಿದ್ದರು. ಅಲ್ಲಿ ಅವರ ಸ್ವಂತ ವಾಕ್ಯವನ್ನೇ ಹಾಕಿ ಅನ್ನುತ್ತೇನೆ. ಲೇಖಕರು ಖುಷಿಯಾಗಿ ಒಪ್ಪುತ್ತಾರೆ.

ಗ್ರಾಹಕರ ಮಾತಿನ ಕಥೆ ಬೇರೆ. ಗಾಂಧೀಜಿ ಹೆಸರು ಹೊಡೆದು ಎಲಿಯಟ್ ಹೆಸರು ಹಾಕೋಣ ಅಂದರೆ, ಸುಮ್ನೆ ಆ ಮಾತನ್ನೇ ತೆಗೆದುಬಿಡಿ ಅನ್ನುವವರೇ ಹೆಚ್ಚು.