ಸಿಗಾರ್ ಡಬ್ಬಿಯಲ್ಲಿ ಮೆಕಿನ್ಲಿ ಸಿಕ್ಕಿದ್ದಾನೆ, ಬೆಲೆ ಬಾಳುತ್ತಾನೆಯೇ?

ಓದುಗರ ಪ್ರಶ್ನೆ: ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಪಕ್ಕದ ಬೀದಿಯ ಗ್ಯಾರೇಜ್ ಸೇಲ್‌ನಲ್ಲಿ ಐದು ಡಾಲರ್ ಕೊಟ್ಟು ಒಂದು ಸಿಗಾರ್ ಡಬ್ಬಿ ತಂದೆ. ಒಳಗೆ ಹಳೆಯ ಚುನಾವಣೆಗಳ ಹತ್ತಿಪ್ಪತ್ತು ಬಿಲ್ಲೆಗಳಿವೆ. ಒಂದರ ಮೇಲೆ 1896ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಮೆಕಿನ್ಲಿಯ ಮುಖವಿದೆ. ಇಷ್ಟು ಹಳೆಯದೆಂದರೆ ಒಳ್ಳೆಯ ಬೆಲೆ ಬರಬೇಕಲ್ಲವೇ? ಅಂದಹಾಗೆ, ಪಿನ್ ಚುಚ್ಚಿ ಹಾಕಿಕೊಳ್ಳುವ ಇದನ್ನು ಅಲ್ಲಿಯವರು ‘ಬಟನ್’ ಅನ್ನುವುದೇಕೆ?

ಉತ್ತರ: ಅಮೆರಿಕಕ್ಕೆ ಹೋಗಿ ಬಂದವರ ಈ ಪ್ರಶ್ನೆ ಹೊಸದಲ್ಲ. ಮುಖ ಮಾತ್ರ ಬೇರೆ ಬೇರೆ: ಒಮ್ಮೆ ಕೆನಡಿ, ಒಮ್ಮೆ ರೂಸ್‌ವೆಲ್ಟ್, ಈ ಸಲ ಮೆಕಿನ್ಲಿ. ಬೆಲೆಯ ಮಾತು ಆಮೇಲೆ. ಮೊದಲು ಬಿಲ್ಲೆಯನ್ನು ಮಗುಚಿ ಹಾಕಿ, ಬೆನ್ನನ್ನೂ ಅಂಚನ್ನೂ ನೋಡಿ. ಏನು ನೋಡಬೇಕೆಂದು ಹೇಳುವ ಮೊದಲು ನಿಮ್ಮ ಎರಡನೆಯ ಪ್ರಶ್ನೆ ಮುಗಿಸಿಬಿಡುತ್ತೇನೆ. ಅದು ಸುಲಭ.

ಬಟನ್ ಅನ್ನುವುದು ಏಕೆಂದರೆ ಮೊದಲು ಅದು ನಿಜವಾಗಿಯೂ ಗುಂಡಿಯೇ ಆಗಿತ್ತು. 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಮೊದಲ ಅಧ್ಯಕ್ಷನಾಗಿ ಪ್ರಮಾಣವಚನ ತೆಗೆದುಕೊಂಡಾಗ ಅಭಿಮಾನಿಗಳು ಕೋಟಿಗೆ ಹೊಲಿದುಕೊಳ್ಳಲೆಂದು ಹಿತ್ತಾಳೆಯ ಗುಂಡಿಗಳು ತಯಾರಾದವು. ಕೆಲವುಗಳ ನಡುವೆ ಅವನ ಹೆಸರಿನ ಎರಡಕ್ಷರ, ಸುತ್ತ ‘ಅಧ್ಯಕ್ಷರು ಚಿರಾಯುವಾಗಲಿ’ ಎಂಬ ಹಾರೈಕೆ. ಇನ್ನು ಕೆಲವುಗಳಲ್ಲಿ 13 ರಾಜ್ಯಗಳ ಹೆಸರಿನ ಅಕ್ಷರಗಳು ಸರಪಳಿಯ ಕೊಂಡಿಗಳಂತೆ ಸುತ್ತುವರಿದಿವೆ. ಇದು ಮತ ಕೇಳುವ ಸಾಮಾನಲ್ಲ, ವಾಷಿಂಗ್ಟನ್ನಿಗೆ ಎದುರಾಳಿಯೇ ಇರಲಿಲ್ಲ. ಆದರೆ ಹೆಸರು ಅಂಟಿಕೊಂಡಿತು. ಹೊಲಿಗೆ ಹೋಯಿತು, ಪಿನ್ ಬಂತು, ‘ಬಟನ್’ ಮಾತ್ರ ಉಳಿಯಿತು. ನಮಗೆ ಅಷ್ಟು ಕಷ್ಟವಿಲ್ಲ. ಕಚೇರಿಯ ಜವಾನ ಪಟ್ಟಿಗೆ ಹಾಕಿಕೊಂಡದ್ದೂ ಬಿಲ್ಲೆ, ಚುನಾವಣೆಯಲ್ಲಿ ಅಂಗಿಗೆ ಚುಚ್ಚಿಕೊಂಡದ್ದೂ ಬಿಲ್ಲೆ.

ಮುಖ ಬಂದದ್ದು ಲಿಂಕನ್ ಕಾಲಕ್ಕೆ. 1860ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕೂಪರ್ ಯೂನಿಯನ್ ಭಾಷಣದ ದಿನ ಮ್ಯಾಥ್ಯೂ ಬ್ರೇಡಿ ಅವನ ಫೋಟೊ ತೆಗೆದ. ಅಲ್ಲಿಯವರೆಗೆ ಪಶ್ಚಿಮದ ಈ ಉದ್ದನೆಯ ವಕೀಲನ ಮುಖ ಹೇಗಿದೆಯೆಂದು ದೇಶದ ಬಹುಪಾಲು ಜನಕ್ಕೆ ಗೊತ್ತಿರಲಿಲ್ಲ. ಅದೇ ವರ್ಷದ ಚುನಾವಣೆಗೆ ತೆಳ್ಳನೆಯ ಕಬ್ಬಿಣದ ತಗಡಿನ ಮೇಲೆ ಮೂಡಿಸಿದ ಪುಟ್ಟ ಫೋಟೊಗಳನ್ನು ಹಿತ್ತಾಳೆಯ ಚೌಕಟ್ಟಿಗೆ ಕೂರಿಸಿ ಮಾರಿದರು. ಒಂದು ಬದಿಗೆ ಲಿಂಕನ್, ಇನ್ನೊಂದು ಬದಿಗೆ ಉಪಾಧ್ಯಕ್ಷ ಅಭ್ಯರ್ಥಿ ಹ್ಯಾನಿಬಲ್ ಹ್ಯಾಮ್ಲಿನ್, ಮೇಲೆ ರಿಬ್ಬನ್ ಪೋಣಿಸಲು ಒಂದು ತೂತು. ಚೆಂದದ ವಸ್ತು, ಆದರೆ ಸಾವಿರ ಲಕ್ಷದ ಲೆಕ್ಕದಲ್ಲಿ ಹಂಚುವಷ್ಟು ಅಗ್ಗವಲ್ಲ.

ಅಗ್ಗ ಮಾಡಿದ್ದು ಸೆಲ್ಯುಲಾಯ್ಡ್. ಬಿಲಿಯರ್ಡ್ ಚೆಂಡಿಗೆ ಆನೆಯ ದಂತದ ಬದಲು ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದ ಜಾನ್ ವೆಸ್ಲಿ ಹಯಾಟ್‌ಗೆ ಒಲಿದ ವಸ್ತು ಅದು. ಬಾಸ್ಟನ್ನಿನ ಅಮಾಂಡಾ ಲೂಗೀ ಎಂಬ ಹೆಣ್ಣುಮಗಳು 1893ರಲ್ಲಿ ಉಡುಪಿನ ಗುಂಡಿಗೆ ಸೆಲ್ಯುಲಾಯ್ಡ್ ಹೊದಿಸುವ ವಿಧಾನಕ್ಕೆ ಪೇಟೆಂಟ್ ಪಡೆದಳು. ನಿಮ್ಮ ಮಗಳಿರುವ ನ್ಯೂಜೆರ್ಸಿಯದೇ ನೆವಾರ್ಕ್ ಊರಿನ ವೈಟ್‌ಹೆಡ್ ಅಂಡ್ ಹೋಗ್ ಕಂಪನಿ ಆ ಹಕ್ಕನ್ನು ತನ್ನದಾಗಿಸಿಕೊಂಡು, ತನ್ನ ಪೇಟೆಂಟುಗಳನ್ನೂ ಸೇರಿಸಿ, 1896ರಲ್ಲಿ ಬಿಲ್ಲೆಗಳ ಮಳೆಯನ್ನೇ ಸುರಿಸಿತು. ರಚನೆ ಸರಳ. ದುಂಡನೆಯ ತಗಡು, ಅದರ ಮೇಲೆ ಬಣ್ಣದಲ್ಲಿ ಅಚ್ಚಾದ ಕಾಗದ, ಕಾಗದದ ಮೇಲೆ ಗಾಜಿನಂತೆ ಹೊಳೆಯುವ ಸೆಲ್ಯುಲಾಯ್ಡ್ ಹಾಳೆ. ಮೂರನ್ನೂ ಒತ್ತಿ ಹಿಂದಿನಿಂದ ಲೋಹದ ಬಳೆಯೊಂದು ಬಿಗಿಹಿಡಿಯುತ್ತದೆ. ಬಳೆಯೊಳಗೆ ಸ್ಪ್ರಿಂಗಿನಂತೆ ಬಾಗಿದ ತಂತಿಯೇ ಪಿನ್ನು.

ಬೆನ್ನ ಟೊಳ್ಳಿನಲ್ಲಿ ಕಂಪನಿ ಒಂದು ದುಂಡು ಕಾಗದ ಇಡುತ್ತಿತ್ತು. ಹೆಸರು, ಊರು, ಪೇಟೆಂಟಿನ ತಾರೀಕುಗಳು: 1894ರ ಜುಲೈ 17, 1896ರ ಏಪ್ರಿಲ್ 14, 1896ರ ಜುಲೈ 21. ಇದನ್ನೇ ಬಿಲ್ಲೆಯ ಹುಟ್ಟಿದ ದಿನವೆಂದು ಓದಿ ಮೋಸಹೋದವರಿಗೆ ಲೆಕ್ಕವಿಲ್ಲ. ಅವು ಪೇಟೆಂಟಿನ ತಾರೀಕುಗಳು ಅಷ್ಟೇ. ಮುಂದೆ ವರ್ಷಗಟ್ಟಲೆ ಅದೇ ಕಾಗದ ನಡೆಯಿತು.

1896ರ ಚುನಾವಣೆಯೂ ಬಿಲ್ಲೆಗೆ ಹೇಳಿ ಮಾಡಿಸಿದ್ದು. ಒಂದು ಕಡೆ ಒಹಾಯೊದ ಕ್ಯಾಂಟನ್‌ನಲ್ಲಿ ತನ್ನ ಮನೆಯ ಜಗಲಿ ಬಿಟ್ಟು ಕದಲದೆ ಪ್ರಚಾರ ಮಾಡಿದ ವಿಲಿಯಂ ಮೆಕಿನ್ಲಿ, ಇನ್ನೊಂದು ಕಡೆ ರೈಲಿನಲ್ಲಿ ಊರೂರು ಸುತ್ತಿದ 36 ವರ್ಷದ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ಜಗಳ ನಾಣ್ಯದ್ದು. ಚಿನ್ನವೊಂದೇ ಸಾಕು ಅಂದವನು ಮೆಕಿನ್ಲಿ. ಬೆಳ್ಳಿಯೂ ಬೇಕು, ಒಂದು ತೂಕ ಚಿನ್ನಕ್ಕೆ 16 ತೂಕ ಬೆಳ್ಳಿಯಂತೆ ಟಂಕಿಸಬೇಕು ಅಂದವನು ಬ್ರಯಾನ್. ಸಾಲದಲ್ಲಿ ಮುಳುಗಿದ್ದ ರೈತನಿಗೆ ಬೆಳ್ಳಿ ಬಂದರೆ ಹಣ ಸಡಿಲವಾದೀತೆಂಬ ಆಸೆ. ಇದನ್ನೆಲ್ಲ ಬೆರಳಗಲದ ಬಿಲ್ಲೆಯಲ್ಲಿ ಹೇಳುವುದು ಹೇಗೆ? ಬ್ರಯಾನ್ ಕಡೆಯವರದ್ದೊಂದು ಬಿಲ್ಲೆ ನನಗೆ ತುಂಬ ಇಷ್ಟ. ಅದರಲ್ಲಿ ಒಂದು ಗಡಿಯಾರವಿದೆ, ಮುಳ್ಳುಗಳು 12 ಗಂಟೆ 44 ನಿಮಿಷ ತೋರಿಸುತ್ತಿವೆ. ಅಂದರೆ ಒಂದಕ್ಕೆ 16 ನಿಮಿಷ ಬಾಕಿ. ಒಂದಕ್ಕೆ ಹದಿನಾರು! ಚಿನ್ನದ ಪರ ಇದ್ದವರನ್ನು ಆಗ ‘ಗೋಲ್ಡ್ ಬಗ್’, ಅಂದರೆ ಚಿನ್ನದ ಹುಳ, ಅನ್ನುತ್ತಿದ್ದರು. ಅದಕ್ಕೇ ಮೆಕಿನ್ಲಿ ಕಡೆಯವರು ಚಿನ್ನದ ಬಣ್ಣದ ಜೀರುಂಡೆ ಮಾಡಿಸಿದರು. ಕೆಲವುಗಳ ರೆಕ್ಕೆ ಬಿಡಿಸಿದರೆ ಒಂದರಲ್ಲಿ ಮೆಕಿನ್ಲಿ, ಇನ್ನೊಂದರಲ್ಲಿ ಉಪಾಧ್ಯಕ್ಷ ಅಭ್ಯರ್ಥಿ ಹೋಬಾರ್ಟ್. ಇಂಥದ್ದನ್ನು ನೋಡಿದಾಗ ನನ್ನ ಬಾಲ್ಯದ ಬಿಲ್ಲೆಗಳು ಸಪ್ಪೆ ಅನಿಸುತ್ತವೆ. 1977ರಲ್ಲಿ ಪ್ರಚಾರದ ಜೀಪಿನ ಹಿಂದೆ ಓಡಿ ಕಾಂಗ್ರೆಸ್ಸಿನ ಹಸು-ಕರುವಿನದ್ದನ್ನೂ ಎದುರು ಪಾಳಯ ಜನತಾ ಪಕ್ಷದ ನೇಗಿಲು ಹೊತ್ತ ರೈತನದ್ದನ್ನೂ ಗಿಟ್ಟಿಸಿ ಒಂದೇ ಅಂಗಿಗೆ ಚುಚ್ಚಿಕೊಂಡವನು ನಾನು. ಯಾವುದೂ ಉಳಿದಿಲ್ಲ.

ಉಳಿಯದಿರುವುದೇ ಬೆಲೆಯ ಗುಟ್ಟು, ಹಳತಾಗಿರುವುದಲ್ಲ. 1896ರ ಬಿಲ್ಲೆಗಳು ಎಷ್ಟು ತಯಾರಾದವೆಂದರೆ ಮೆಕಿನ್ಲಿಯ ಸಾದಾ ಮುಖದ್ದು ಇಂದಿಗೂ ಹೇರಳವಾಗಿ, ಸಾಮಾನ್ಯ ಬೆಲೆಗೆ ಸಿಗುತ್ತದೆ. ಮೆಕಿನ್ಲಿ ಗೆದ್ದವನು. ಹಾಗಾದರೆ ಸೋತವರದ್ದು ದುಬಾರಿಯೇ? ಸೋತವನ ಬಿಲ್ಲೆಯನ್ನು ಯಾರು ತೆಗೆದಿಡುತ್ತಾರೆ ಎಂಬ ವಾದ ಕೇಳಲು ಸರಿಯಾಗಿಯೇ ಇದೆ, ಅದಕ್ಕೆ ದೊಡ್ಡ ಸಾಕ್ಷಿಯೂ ಇದೆ.

1920ರಲ್ಲಿ ಇಬ್ಬರೂ ಅಭ್ಯರ್ಥಿಗಳು ಒಹಾಯೊದವರು, ಇಬ್ಬರೂ ಪತ್ರಿಕೆಯ ಮಾಲೀಕರು. ರಿಪಬ್ಲಿಕನ್ ಪಕ್ಷಕ್ಕೆ ವಾರನ್ ಹಾರ್ಡಿಂಗ್, ಡೆಮಾಕ್ರಟಿಕ್ ಪಕ್ಷಕ್ಕೆ ಜೇಮ್ಸ್ ಕಾಕ್ಸ್. ಕಾಕ್ಸ್ ಪಾಳಯದ ಕೈಯಲ್ಲಿ ದುಡ್ಡಿರಲಿಲ್ಲ. ಅಭ್ಯರ್ಥಿ ಮತ್ತು ಉಪಾಧ್ಯಕ್ಷ ಅಭ್ಯರ್ಥಿ ಅಕ್ಕಪಕ್ಕ ಕೂತ ಜೋಡಿಮುಖದ ಬಿಲ್ಲೆ ಆಗ ಎಲ್ಲರೂ ಮಾಡಿಸುತ್ತಿದ್ದರು. ಕಾಕ್ಸ್ ಕಡೆಯವರು ಮಾಡಿಸಿದ್ದು ತೀರ ಕಡಿಮೆ. ಹಾರ್ಡಿಂಗ್ 60 ಶೇಕಡಾ ಮತ ಪಡೆದ, ಕಾಕ್ಸ್ 34ಕ್ಕೆ ನಿಂತ. ಅವನ ಪಕ್ಕ ಕೂತಿದ್ದ 38 ವರ್ಷದ ಉಪಾಧ್ಯಕ್ಷ ಅಭ್ಯರ್ಥಿಯ ಹೆಸರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಹನ್ನೆರಡು ವರ್ಷದ ಮೇಲೆ ಆತ ಅಧ್ಯಕ್ಷನಾದ, ಮತ್ತೆ ಮೂರು ಸಲ ಗೆದ್ದ. ಆಗ ಎಲ್ಲರಿಗೂ ಕಾಕ್ಸ್-ರೂಸ್‌ವೆಲ್ಟ್ ಜೋಡಿ ಬೇಕಾಯಿತು, ಮಾಲು ಎಲ್ಲಿದೆ? 2022ರ ಹರಾಜಿನಲ್ಲಿ ಈ ಜೋಡಿಯ ಒಂದು ಅಪರೂಪದ ಬಿಲ್ಲೆ ಒಂದೂವರೆ ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು.

ಅದೇ 1920ರಲ್ಲಿ ಇನ್ನೊಬ್ಬ ಸೋತವನಿದ್ದ, ಸಮಾಜವಾದಿ ಯುಜೀನ್ ಡೆಬ್ಸ್. 1918ರಲ್ಲಿ ಯುದ್ಧದ ವಿರುದ್ಧ ಮಾತಾಡಿದ್ದಕ್ಕೆ ಅಟ್ಲಾಂಟಾ ಜೈಲಿನಲ್ಲಿದ್ದ. ಮಾತಾಡಿದ ಊರು ಮೆಕಿನ್ಲಿಯ ಅದೇ ಕ್ಯಾಂಟನ್. ಡೆಬ್ಸ್‌ನ ಬಿಲ್ಲೆಯಲ್ಲಿ ‘ಅಧ್ಯಕ್ಷ ಸ್ಥಾನಕ್ಕೆ ಕೈದಿ ನಂ. 9653’ ಎಂದಿತ್ತು. ಜೈಲಿನಿಂದಲೇ 9 ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಸಂಗ್ರಾಹಕರು ಈಗಲೂ ಅದರ ಹಿಂದೆ ಬೀಳುತ್ತಾರೆ.

ಆದರೆ 1940ಕ್ಕೆ ಬನ್ನಿ, ಸೋತವರ ಸಿದ್ಧಾಂತ ನೆಲಕಚ್ಚುತ್ತದೆ. ರೂಸ್‌ವೆಲ್ಟ್ ಮೂರನೆಯ ಸಲ ನಿಂತದ್ದಕ್ಕೆ ಸಿಟ್ಟಿಗೆದ್ದ ವೆಂಡೆಲ್ ವಿಲ್ಕಿಯ ಕಡೆಯವರು ಬಗೆಬಗೆಯ ಘೋಷಣೆಯ ಬಿಲ್ಲೆ ಅಚ್ಚು ಹಾಕಿಸಿದರು. ‘ಮೂರನೆಯ ಅವಧಿ ಬೇಡ’ ಎಂಬುದರಿಂದ ಹಿಡಿದು ಅಧ್ಯಕ್ಷನ ಹೆಂಡತಿಯನ್ನೂ ಬಿಡದ ‘ಎಲೀನರ್ ಕೂಡ ಬೇಡ’ ಎಂಬುದರವರೆಗೆ. ವಿಲ್ಕಿ ಸೋತ. ಅವನ ಬಿಲ್ಲೆಗಳು ಮಾತ್ರ ಡಬ್ಬಿಗಟ್ಟಲೆ ಉಳಿದವು, ನಿಮ್ಮ ಸಿಗಾರ್ ಡಬ್ಬಿಯಲ್ಲೂ ಒಂದಾದರೂ ಇದ್ದೇ ಇರುತ್ತದೆಂದು ಊಹಿಸುತ್ತೇನೆ. ಬೆಲೆ ಅಷ್ಟಕ್ಕಷ್ಟೆ.

ಜನ ಜಾಣರಾಗಲು ಹೋಗಿ ಕೆಟ್ಟದ್ದು 1972ರಲ್ಲಿ. ಜಾರ್ಜ್ ಮೆಕ್‌ಗವರ್ನ್ ತನ್ನ ಜೊತೆಗೆ ಥಾಮಸ್ ಈಗಲ್ಟನ್‌ನನ್ನು ಆರಿಸಿಕೊಂಡ. ಖಿನ್ನತೆಗೆ ಆಸ್ಪತ್ರೆಯಲ್ಲಿ ವಿದ್ಯುತ್ ಆಘಾತದ ಚಿಕಿತ್ಸೆ ಪಡೆದಿದ್ದ ಸಂಗತಿ ಹೊರಬಿದ್ದು ಈಗಲ್ಟನ್ 18 ದಿನಕ್ಕೇ ಹಿಂದೆ ಸರಿದ, ಸಾರ್ಜೆಂಟ್ ಶ್ರೈವರ್ ಬಂದ. ಹದಿನೆಂಟೇ ದಿನದ ಬಿಲ್ಲೆ, ಇನ್ನೊಂದು ಕಾಕ್ಸ್ ಆಗುತ್ತದೆಂದು ಸಿಕ್ಕಸಿಕ್ಕವರೆಲ್ಲ ಬಾಚಿ ಎತ್ತಿಟ್ಟುಕೊಂಡರು. ಎಲ್ಲರೂ ಎತ್ತಿಟ್ಟದ್ದರಿಂದ ಎಲ್ಲವೂ ಉಳಿಯಿತು. ಇವತ್ತಿಗೂ ಅದು ಅಗ್ಗ. 2024ರ ಜುಲೈ 21ರಂದು ಬೈಡನ್ ಕಣ ಬಿಟ್ಟ ಮೇಲೆ ಬೈಡನ್-ಹ್ಯಾರಿಸ್ ಬಿಲ್ಲೆಯನ್ನು ‘ಇನ್ವೆಸ್ಟ್‌ಮೆಂಟ್’ ಎಂದು ತೆಗೆದಿಟ್ಟವರಿಗೆ ನಾನು ಇದೇ ಕಥೆ ಹೇಳುತ್ತೇನೆ.

ಈಗ ನಿಮ್ಮ ಮೆಕಿನ್ಲಿ. 1920ರ ಹೊತ್ತಿಗೆ ಕಾಗದವೂ ಸೆಲ್ಯುಲಾಯ್ಡೂ ಬೇಡದ ಇನ್ನೊಂದು ವಿಧಾನ ಚಲಾವಣೆಗೆ ಬಂತು. ದೊಡ್ಡ ತಗಡಿನ ಹಾಳೆಯ ಮೇಲೆ ನೇರವಾಗಿ ಬಣ್ಣ ಅಚ್ಚು ಹಾಕಿ, ಒಂದೊಂದೇ ಬಿಲ್ಲೆ ಕತ್ತರಿಸಿ ಅಂಚು ಮಡಿಸುವುದು. ಸಂಗ್ರಾಹಕರ ಬಾಯಲ್ಲಿ ಹಳೆಯದು ಸೆಲ್ಲೊ, ಇದು ಲಿಥೊ. ಸೆಲ್ಲೊ ಉಗುರಿಗೆ ನುಣುಪು, ಕಣ್ಣಿಗೆ ಆಳ. ಲಿಥೊ ಬಿಸ್ಕತ್ತಿನ ಡಬ್ಬದ ಮುಚ್ಚಳದ ಹಾಗೆ, ಗೀಚಿದರೆ ಬಣ್ಣ ಹೋಗಿ ತಗಡು ಕಾಣುತ್ತದೆ. 1896ರ ಮೆಕಿನ್ಲಿ ಲಿಥೊದಲ್ಲಿ ಇದ್ದಾನೆಂದರೆ ಅವನು ಅಸಲಿಯಲ್ಲ, ಅಷ್ಟೇ.

ನಕಲಿ ಬಂದದ್ದು ಕಳ್ಳರಿಂದಲೂ ಅಲ್ಲ, ದೊಡ್ಡ ಕಂಪನಿಗಳ ಜಾಹೀರಾತಿನಿಂದ. 1968ರಲ್ಲಿ ಕ್ಲೀನೆಕ್ಸ್ ಟಿಶ್ಯೂ ಕಂಪನಿ, 1972ರಲ್ಲಿ ಅಮೆರಿಕನ್ ಆಯಿಲ್ ಕಂಪನಿ ಹಳೆಯ ಬಿಲ್ಲೆಗಳ ಪ್ರತಿರೂಪಗಳನ್ನು ತಗಡಿನಲ್ಲಿ ಮಾಡಿಸಿ ಗಿರಾಕಿಗಳಿಗೆ ಹಂಚಿದವು. ಅವರು ಮುಚ್ಚಿಡಲಿಲ್ಲ, ಮಡಿಸಿದ ಅಂಚಿನಲ್ಲಿ ಇರುವೆಯಂಥ ಅಕ್ಷರದಲ್ಲಿ ಕಂಪನಿಯ ಗುರುತೂ ವರ್ಷವೂ ಇರುತ್ತದೆ. ಅದನ್ನು ಕೆರೆದೋ ಬಣ್ಣ ಬಳಿದೋ ಮಾರಿದವರು ಆಮೇಲಿನವರು. 1973ರಲ್ಲಿ ಕಾಯ್ದೆಯೇ ಬಂತು, ರಾಜಕೀಯ ಬಿಲ್ಲೆಗಳ ಪ್ರತಿರೂಪದ ಮೇಲೆ ತಯಾರಾದ ವರ್ಷ ಅಳಿಸದಂತೆ ಹಾಕಬೇಕೆಂದು. 1945ರಲ್ಲೇ ಹುಟ್ಟಿದ ಅಮೆರಿಕದ ರಾಜಕೀಯ ವಸ್ತು ಸಂಗ್ರಾಹಕರ ಸಂಘದವರು ಇಂಥವನ್ನು ಕೈಯಲ್ಲಿ ಹಿಡಿದ ಕ್ಷಣವೇ ಹೇಳುತ್ತಾರೆ.

ಅಸಲಿಯೇ ಆಗಿದ್ದರೆ ಒಂದು ಎಚ್ಚರಿಕೆ: ತೊಳೆಯಬೇಡಿ. ಒದ್ದೆ ಬಟ್ಟೆಯಿಂದಲೂ ಒರೆಸಬೇಡಿ. ನೀರು ಅಂಚಿನಿಂದ ನುಸುಳಿ ಕಾಗದಕ್ಕೆ ತಾಗಿದರೆ ಕಂದು ಚುಕ್ಕೆಗಳೇಳುತ್ತವೆ, ಅದನ್ನು ತೆಗೆಯುವ ಉಪಾಯವಿಲ್ಲ, ಬೆಲೆ ಅಲ್ಲೇ ಬೀಳುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ಬಚ್ಚಲಮನೆಯ ಗೋಡೆಗೆ ಹೊಂದಿಕೊಂಡ ಬೀರು ಒಳ್ಳೆಯ ಜಾಗವಲ್ಲ.

ಅಂಚಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. 1972 ಎಂದು ಕಂಡರೆ ನಿರಾಶರಾಗಬೇಡಿ, ಮೊಮ್ಮಗನ ಅಂಗಿಗೆ ಚುಚ್ಚಿಕೊಡಿ. ಅವನು ಮಳೆಯಲ್ಲಿ ನೆನೆದು ಬಂದರೂ ಚಿಂತೆಯಿಲ್ಲ.